‘ಚಾರ್ಜ್’ ಎಂದರೆ ಯಾವ ಚಾರ್ಜ್? ಕೋಲಾರ ಸೀಮೆಯ ಓದುಗರಿಗೊಂದು ಮಾರ್ಗದರ್ಶಿ

ಕೋಲಾರ ಜಿಲ್ಲೆಯ ಯಾವ ತಾಲ್ಲೂಕು ಕಚೇರಿಯ ಎದುರು ಒಂದಿಷ್ಟು ಹೊತ್ತು ನಿಂತರೂ ‘ಚಾರ್ಜ್’ ಎಂಬ ಒಂದೇ ಇಂಗ್ಲಿಷ್ ಪದ ಹಲವು ಬಗೆಯಲ್ಲಿ ಕಿವಿಗೆ ಬೀಳುತ್ತದೆ. ಪಹಣಿ ಹಿಡಿದು ಬಂದವರು ಜಮೀನಿನ ಮೇಲಿನ ಬ್ಯಾಂಕಿನ ಚಾರ್ಜ್ ಇನ್ನೂ ಹೋಗಿಲ್ಲ ಎನ್ನುತ್ತಾರೆ, ಗುಮಾಸ್ತರು ಸಾಹೇಬರು ರಜೆಯಲ್ಲಿದ್ದಾರೆ, ಇನ್‌ಚಾರ್ಜ್‌ನವರು ಮಧ್ಯಾಹ್ನ ಬರುತ್ತಾರೆ ಎನ್ನುತ್ತಾರೆ, ಪಕ್ಕದ ನ್ಯಾಯಾಲಯದ ಆವರಣದಲ್ಲಿ ಚಾರ್ಜ್‌ಶೀಟ್ ಬಿತ್ತೇ ಎಂಬ ವಿಚಾರಣೆ ನಡೆಯುತ್ತಿರುತ್ತದೆ, ಬೆಂಗಳೂರಿನಿಂದ ಸಂಸ್ಕರಿಸಿ ತರುವ ಕೆ.ಸಿ. ವ್ಯಾಲಿ ಯೋಜನೆಯ ನೀರಿನಿಂದ ಕೊಳವೆಬಾವಿ ರೀಚಾರ್ಜ್ ಆಯಿತೋ ಇಲ್ಲವೋ ಎಂಬ ವಾದವಂತೂ ಚಹಾ ಅಂಗಡಿಯಲ್ಲಿ ಮುಗಿಯುವಂಥದ್ದಲ್ಲ. ಮಾತಿನಲ್ಲಿ ಇದರಿಂದ ತೊಂದರೆಯೇನೂ ಆಗುವುದಿಲ್ಲ. ಆದರೆ ಅದೇ ಪದ ನೋಟಿಸಿನಲ್ಲೋ ಬಿಲ್ಲಿನಲ್ಲೋ ಸಾಲದ ಕರಾರಿನಲ್ಲೋ ಬಂದಾಗ, ಅದು ಯಾವ ಕ್ಷೇತ್ರದ ಚಾರ್ಜ್ ಎಂದು ತಿಳಿಯದೆ ಸಹಿ ಹಾಕಿದರೆ ಅಥವಾ ಗಾಬರಿಗೊಂಡರೆ ಖರ್ಚು ನಮ್ಮದೇ ಆಗುತ್ತದೆ. ಆ ಪದವನ್ನು ಕಂಡಾಗ ಏನು ಮಾಡಬೇಕೆಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಮೊದಲ ಹಂತ: ಹೊರೆ ಯಾವುದು, ಹೊತ್ತವರು ಯಾರು ಎಂದು ಕೇಳಿ

ನಿಘಂಟು ತೆರೆದರೆ ಈ ಪದಕ್ಕೆ ಹತ್ತಿಪ್ಪತ್ತು ಅರ್ಥಗಳು ಸಾಲಾಗಿ ಸಿಗುತ್ತವೆ, ಆದರೆ ಕೈಯಲ್ಲಿರುವ ಕಾಗದಕ್ಕೆ ಯಾವುದು ಹೊಂದುತ್ತದೆಂದು ನಿಘಂಟು ಹೇಳುವುದಿಲ್ಲ. ಅದಕ್ಕಿಂತ ಪದದ ಮೂಲ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಗಾಡಿಗೆ ಹೊರೆ ಹೇರುವುದು ಎಂಬರ್ಥದ ಲ್ಯಾಟಿನ್ ಕ್ರಿಯಾಪದವೊಂದು ಹಳೆಯ ಫ್ರೆಂಚಿನ ದಾರಿಯಾಗಿ ಇಂಗ್ಲಿಷಿಗೆ ಬಂದು ‘ಚಾರ್ಜ್’ ಆಯಿತು. ‘ಕಾರ್’, ‘ಕಾರ್ಗೋ’ ಎಂಬ ಪದಗಳೂ ಅದೇ ಬೇರಿನವು. ಆದ್ದರಿಂದ ಬಹುತೇಕ ಎಲ್ಲ ಚಾರ್ಜ್‌ಗಳಲ್ಲಿಯೂ ಏನೋ ಒಂದು ಹೊರೆ, ಅದನ್ನು ಹೇರಿದವರು, ಹೊತ್ತವರು ಎಂಬ ಮೂರು ಸಂಗತಿಗಳಿರುತ್ತವೆ. ಹೊರೆ ಹಣವಾಗಿದ್ದರೆ ಶುಲ್ಕ, ಅಪರಾಧವಾಗಿದ್ದರೆ ದೋಷಾರೋಪ, ಅಧಿಕಾರದ ಹೊಣೆಯಾಗಿದ್ದರೆ ಪ್ರಭಾರ, ಸಾಲವಾಗಿದ್ದರೆ ಋಣಭಾರ, ವಿದ್ಯುತ್ತಾಗಿದ್ದರೆ ವಿದ್ಯುದಾವೇಶ, ನೆಲದೊಳಗಿನ ನೀರಾಗಿದ್ದರೆ ಮರುಪೂರಣ. ಕನ್ನಡದಲ್ಲಿ ಇವೆಲ್ಲಕ್ಕೂ ಬೇರೆ ಬೇರೆ ಪದಗಳಿವೆ. ಒಂದೇ ಪದಕ್ಕೆ ಎಲ್ಲವನ್ನೂ ಕಟ್ಟಿಹಾಕಿ ಗೊಂದಲ ತಂದುಕೊಂಡಿರುವುದು ಬಳಕೆಯ ಸೋಮಾರಿತನವೆಂದೇ ನನ್ನ ಎಣಿಕೆ.

ಎರಡನೆಯ ಹಂತ: ಹೊರೆ ಇಳಿಯುವ ಬಗೆಯನ್ನು ನೋಡಿ

ಈ ಪದದ ಜೊತೆಗೆ ‘ಡಿಸ್ಚಾರ್ಜ್’ ಎಂಬ ಎದುರು ಪದವೂ ಬಹುಪಾಲು ಕ್ಷೇತ್ರಗಳಲ್ಲಿ ಇರುತ್ತದೆ. ಸಾಲ ತೀರಿದರೆ ಡಿಸ್ಚಾರ್ಜ್, ವಿಚಾರಣೆಗೆ ಮೊದಲೇ ಆರೋಪಿಯನ್ನು ಕೈಬಿಟ್ಟರೆ ಡಿಸ್ಚಾರ್ಜ್, ಬ್ಯಾಟರಿ ಬರಿದಾದರೆ ಡಿಸ್ಚಾರ್ಜ್, ರೋಗಿ ಮನೆಗೆ ಹೊರಟರೆ ಡಿಸ್ಚಾರ್ಜ್, ಕೊಳವೆಬಾವಿಯಿಂದ ಗಂಟೆಗೆ ಇಷ್ಟು ನೀರು ಹೊರಬಂದರೆ ಅದೂ ಡಿಸ್ಚಾರ್ಜ್. ಯಾವ ಕಾಗದದಲ್ಲಿ ‘ಚಾರ್ಜ್’ ಕಂಡರೂ, ಇದನ್ನು ಇಳಿಸುವವರು ಯಾರು, ಇಳಿಸಿದ್ದಕ್ಕೆ ನನ್ನ ಕೈಗೆ ಯಾವ ದಾಖಲೆ ಬರುತ್ತದೆ ಎಂಬ ಪ್ರಶ್ನೆಯನ್ನು ಕೇಳಿ. ಉತ್ತರ ಬ್ಯಾಂಕು ಎಂದಾದರೆ ಅದು ಋಣ, ನ್ಯಾಯಾಧೀಶರು ಎಂದಾದರೆ ದೋಷಾರೋಪ, ಇನ್ನೊಬ್ಬ ಅಧಿಕಾರಿ ಎಂದಾದರೆ ಪ್ರಭಾರ. ಅರ್ಥವನ್ನು ಪತ್ತೆ ಮಾಡಲು ಇದಕ್ಕಿಂತ ಚುಟುಕಾದ ದಾರಿ ಇಲ್ಲ.

ಮೂರನೆಯ ಹಂತ: ಜಮೀನಿನ ಕಾಗದದಲ್ಲಿ ಕಂಡರೆ

ಇದು ಹೆಚ್ಚು ಜನರನ್ನು ಕಾಡುವ ಚಾರ್ಜ್. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 100ನೇ ಪ್ರಕರಣದ ಪ್ರಕಾರ, ಸ್ಥಿರಾಸ್ತಿಯೊಂದು ಹಣದ ಪಾವತಿಗೆ ಭದ್ರತೆಯಾಗಿ ನಿಂತಿದ್ದು, ಆ ವ್ಯವಹಾರ ಅಡಮಾನದ ಮಟ್ಟಕ್ಕೆ ಹೋಗದಿದ್ದಾಗ ಆ ಆಸ್ತಿಯ ಮೇಲೆ ಚಾರ್ಜ್ ಇದೆಯೆನ್ನಲಾಗುತ್ತದೆ. ಅಡಮಾನದಲ್ಲಿ ಆಸ್ತಿಯ ಹಿತಾಸಕ್ತಿಯ ಒಂದು ಪಾಲು ಸಾಲ ಕೊಟ್ಟವರಿಗೆ ವರ್ಗವಾಗುತ್ತದೆ. ಚಾರ್ಜ್‌ನಲ್ಲಿ ಹಾಗೆ ವರ್ಗವಾಗದೆ, ಆ ಆಸ್ತಿಯಿಂದ ಹಣ ವಸೂಲು ಮಾಡುವ ಹಕ್ಕಷ್ಟೇ ಹುಟ್ಟುತ್ತದೆ. ಬೆಳೆಸಾಲ ಪಡೆಯುವ ಕರ್ನಾಟಕದ ರೈತರು ಜಮೀನಿನ ಮೇಲೆ ಇಂಥ ಚಾರ್ಜ್ ಹುಟ್ಟಿಸಲು ಸಾಮಾನ್ಯವಾಗಿ ಬರೆದುಕೊಡುವ ಘೋಷಣೆಗೆ 1974ರ ಕರ್ನಾಟಕ ಕೃಷಿ ಸಾಲ ವ್ಯವಹಾರಗಳ ಕಾಯ್ದೆ ಆಧಾರ.

ಮೊದಲು ಪಹಣಿಯ 11ನೇ ಕಾಲಂ ನೋಡಿ. ಅಲ್ಲಿ ಇತರ ಹಕ್ಕುಗಳ ಜೊತೆಗೆ ‘ಋಣಗಳು’ ಎಂಬ ಭಾಗವಿದ್ದು, ಬ್ಯಾಂಕಿನ ಅಥವಾ ಸಹಕಾರ ಸಂಘದ ಹೆಸರೂ ಸಾಲದ ಮೊತ್ತವೂ ದಾಖಲಾಗಿರುತ್ತವೆ. ಆಮೇಲೆ ಉಪನೋಂದಣಾಧಿಕಾರಿಯ ಕಚೇರಿಯ ಋಣಭಾರ ಪ್ರಮಾಣಪತ್ರ ತೆಗೆಸಿ. ಆ ಅವಧಿಯಲ್ಲಿ ನೋಂದಾಯಿತ ವ್ಯವಹಾರಗಳಿದ್ದರೆ ಅದು ನಮೂನೆ 15ರಲ್ಲಿಯೂ, ಏನೂ ಇಲ್ಲದಿದ್ದರೆ ನಮೂನೆ 16ರಲ್ಲಿಯೂ ಬರುತ್ತದೆ. ಎರಡನ್ನೂ ಒಟ್ಟಿಗೆ ನೋಡಬೇಕು. ಪಹಣಿಯಲ್ಲಿರುವುದು ನೋಂದಣಿ ಕಚೇರಿಯಲ್ಲಿ ಇಲ್ಲದಿರುವುದೂ, ಅಲ್ಲಿರುವುದು ಇಲ್ಲಿ ಕಾಣದಿರುವುದೂ ಉಂಟು. ಮಾಲೂರು, ನರಸಾಪುರ, ವೇಮಗಲ್ ಕಡೆ ಕೈಗಾರಿಕೆ ಬಂದ ಮೇಲೆ ಜಮೀನು ಕೈಬದಲಾಗುವ ವೇಗ ಹೆಚ್ಚಿದೆ. ಅಲ್ಲಿ ಮುಂಗಡ ಕೊಡುವವರಂತೂ ಈ ಎರಡು ಕಾಗದ ನೋಡದೆ ಕೈ ಮುಂದೆ ಮಾಡಬಾರದು.

ಸಾಲ ತೀರಿಸಿದವರು ಬ್ಯಾಂಕಿನಿಂದ ಬಾಕಿ ಇಲ್ಲವೆಂಬ ಪತ್ರ ಪಡೆದು ಮನೆಯ ಪೆಟ್ಟಿಗೆಯಲ್ಲಿಟ್ಟರೆ ಋಣ ತಾನಾಗಿ ಅಳಿಸಿಹೋಗುತ್ತದೆಂದು ಭಾವಿಸುವುದು ಸಾಮಾನ್ಯ, ಅದು ಸರಿಯಲ್ಲ. ಈಗ ಬ್ಯಾಂಕುಗಳು ರೈತರ ನೋಂದಣಿಗಾಗಿ ಸರ್ಕಾರ ಮಾಡಿರುವ ಫ್ರೂಟ್ಸ್ ತಂತ್ರಾಂಶದ ಮೂಲಕವೇ ಋಣವನ್ನು ದಾಖಲಿಸುವ ವ್ಯವಸ್ಥೆ ಇದೆ. ಆದ್ದರಿಂದ ಅದೇ ಬ್ಯಾಂಕಿನಿಂದಲೇ ಋಣ ತೆಗೆಯುವ ಕೋರಿಕೆಯೂ ಹೋಗುವಂತೆ ಬರಹದಲ್ಲಿ ಕೇಳಿ, ಹಳೆಯ ಕಾಗದದ ಅಡಮಾನವಿದ್ದರೆ ಬಿಡುಗಡೆ ಪತ್ರವನ್ನು ನೋಂದಾಯಿಸಿ, ಕೆಲವು ವಾರಗಳ ನಂತರ ಹೊಸ ಪಹಣಿ ತೆಗೆಸಿ 11ನೇ ಕಾಲಂ ಖಾಲಿಯಾಗಿದೆಯೇ ಎಂದು ಕಣ್ಣಾರೆ ನೋಡಿ.

ರೈತ ಉತ್ಪಾದಕ ಕಂಪನಿಗಳನ್ನು ನಡೆಸುವವರಿಗೆ ಇನ್ನೊಂದು ಮಾತು. ಕಂಪನಿ ತನ್ನ ಆಸ್ತಿಯ ಮೇಲೆ ಸಾಲ ಪಡೆದರೆ, 2013ರ ಕಂಪನಿ ಕಾಯ್ದೆಯ 77ನೇ ಪ್ರಕರಣದಂತೆ ಆ ಚಾರ್ಜ್ ಅನ್ನು 30 ದಿನಗಳೊಳಗೆ ಕಂಪನಿಗಳ ರಿಜಿಸ್ಟ್ರಾರರಲ್ಲಿ ನೋಂದಾಯಿಸಬೇಕು. ಸಾಲ ತೀರಿದ ಮೇಲೆ ತೀರಿದೆಯೆಂದೂ ಅಲ್ಲಿಗೇ ತಿಳಿಸಬೇಕು. ಪಹಣಿಯ ಋಣಕ್ಕೂ ಇದಕ್ಕೂ ಕಚೇರಿಯೇ ಬೇರೆ.

ನಾಲ್ಕನೆಯ ಹಂತ: ಪೊಲೀಸ್ ಠಾಣೆ, ನ್ಯಾಯಾಲಯಗಳ ಚಾರ್ಜ್

ಇಲ್ಲಿ ಒಂದೇ ಪದ ಎರಡು ಬೇರೆ ಘಟ್ಟಗಳಿಗೆ ಸಲ್ಲುತ್ತದೆ, ಪತ್ರಿಕೆ ಓದುವವರೂ ಇವನ್ನು ಕಲಸಿಬಿಡುತ್ತಾರೆ. ಚಾರ್ಜ್‌ಶೀಟ್ ಎಂದರೆ ತನಿಖೆ ಮುಗಿಸಿದ ಪೊಲೀಸರು ನ್ಯಾಯಾಲಯಕ್ಕೆ ಸಲ್ಲಿಸುವ ವರದಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193ನೇ ಪ್ರಕರಣ ಇದಕ್ಕೆ ಆಧಾರ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 173ನೇ ಪ್ರಕರಣವಾಗಿತ್ತು. ಇದು ಪೊಲೀಸರ ಅಭಿಪ್ರಾಯ ಮಾತ್ರ. ಅದನ್ನೂ ದಾಖಲೆಗಳನ್ನೂ ಪರಿಶೀಲಿಸಿ, ಎರಡೂ ಕಡೆಯ ವಾದ ಕೇಳಿದ ಮೇಲೆ ನ್ಯಾಯಾಲಯ ತಾನೇ ನಿಗದಿಪಡಿಸುವುದು ನಿಜವಾದ ‘ಚಾರ್ಜ್’, ಅಂದರೆ ದೋಷಾರೋಪ. ಆಗ ಅದನ್ನು ಆರೋಪಿಗೆ ಓದಿ ಹೇಳಿ, ಒಪ್ಪುತ್ತೀರಾ ಎಂದು ಕೇಳಲಾಗುತ್ತದೆ. ಆದ್ದರಿಂದ ಸುದ್ದಿಯಲ್ಲಿ ‘ದೋಷಾರೋಪ ಪಟ್ಟಿ ಸಲ್ಲಿಕೆ’ ಎಂದಿದ್ದರೆ ಠಾಣೆಯ ಕೆಲಸ ಮುಗಿಯಿತೆಂದೂ, ‘ದೋಷಾರೋಪ ನಿಗದಿ’ ಎಂದಿದ್ದರೆ ವಿಚಾರಣೆ ಆರಂಭವಾಗಲಿದೆಯೆಂದೂ ಓದಿಕೊಳ್ಳಬೇಕು.

ಚಾರ್ಜ್‌ಶೀಟಿಗೆ ಗಡುವಿನ ಮಹತ್ವವೂ ಇದೆ. ಆರೋಪಿ ಬಂಧನದಲ್ಲಿರುವಾಗ, ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಇಲ್ಲವೇ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ 90 ದಿನ, ಉಳಿದವುಗಳಲ್ಲಿ 60 ದಿನದೊಳಗೆ ತನಿಖೆ ಮುಗಿಯದಿದ್ದರೆ, ಜಾಮೀನು ಕೊಡಲು ಸಿದ್ಧವಿರುವ ಆರೋಪಿಗೆ ಬಿಡುಗಡೆಯ ಹಕ್ಕು ಹುಟ್ಟುತ್ತದೆ. ಕೆಲವು ವಿಶೇಷ ಕಾಯ್ದೆಗಳಲ್ಲಿ ಗಡುವು ಬೇರೆ ಇರುವುದರಿಂದ ದಿನ ಎಣಿಸುವ ಮುನ್ನ ವಕೀಲರನ್ನು ಕೇಳಬೇಕು.

ಇಲ್ಲಿನ ಡಿಸ್ಚಾರ್ಜ್ ಎಂದರೆ ದೋಷಾರೋಪ ಹೊರಿಸಲು ಸಾಕಷ್ಟು ಆಧಾರವಿಲ್ಲವೆಂದು ವಿಚಾರಣೆಗೆ ಮೊದಲೇ ಕೈಬಿಡುವುದು. ವಿಚಾರಣೆ ನಡೆದು ನಿರ್ದೋಷಿಯೆಂದು ತೀರ್ಪು ಬರುವುದು ಖುಲಾಸೆ. ಎರಡೂ ಒಂದೇ ಅಲ್ಲ. ಮುಂದೆ ಹೊಸ ಸಾಕ್ಷ್ಯ ಸಿಕ್ಕರೆ ಮೊದಲನೆಯದರಲ್ಲಿ ಪ್ರಕರಣ ಮತ್ತೆ ತೆರೆಯಬಹುದು, ಎರಡನೆಯದರಲ್ಲಿ ಅದೇ ಅಪರಾಧಕ್ಕೆ ಮತ್ತೆ ವಿಚಾರಣೆ ಇಲ್ಲ. ಹೊಸ ಸಂಹಿತೆಯಲ್ಲಿ ಡಿಸ್ಚಾರ್ಜ್ ಅರ್ಜಿ ಹಾಕಲು 60 ದಿನಗಳ ಕಾಲಮಿತಿ ಇದೆಯೆಂಬುದನ್ನು ನೆನಪಿಡಿ. ಇನ್ನು ದೂರು ಕೊಟ್ಟವರ ಕಡೆಯಿಂದ ಹೇಳುವುದಾದರೆ, ಪೊಲೀಸರು ಚಾರ್ಜ್‌ಶೀಟ್ ಬದಲು ‘ಬಿ’ ರಿಪೋರ್ಟ್, ಅಂದರೆ ಪ್ರಕರಣವನ್ನು ಮುಕ್ತಾಯಗೊಳಿಸುವ ವರದಿ, ಹಾಕಿದ್ದಾರೆಂದು ನೋಟಿಸ್ ಬಂದರೆ ಅದನ್ನು ಮೂಲೆಗೆಸೆಯದೆ, ಒಪ್ಪಿಗೆಯಿಲ್ಲದಿದ್ದರೆ ತಕರಾರು ಅರ್ಜಿ ಸಲ್ಲಿಸಬೇಕು.

ಸರ್ಕಾರಿ ನೌಕರರ ಮೇಲೆ ಇಲಾಖೆ ಹೊರಿಸುವ ಆರೋಪಪಟ್ಟಿ ಮತ್ತೊಂದು ಜಾತಿಯದು. ಅದು 1957ರ ನಾಗರಿಕ ಸೇವಾ ನಿಯಮಗಳಡಿ ನಡೆಯುವ ಶಿಸ್ತಿನ ಕ್ರಮ, ನ್ಯಾಯಾಲಯದ ದೋಷಾರೋಪವಲ್ಲ. ಅಲ್ಲಿ ಜೈಲಿನ ಪ್ರಶ್ನೆ ಇಲ್ಲ, ನೌಕರಿಯ ಪ್ರಶ್ನೆ ಇದೆ. ನಿಗದಿತ ಅವಧಿಯಲ್ಲಿ ಲಿಖಿತ ಸಮಜಾಯಿಷಿ ಕೊಡುವುದೇ ಮೊದಲ ಕರ್ತವ್ಯ.

ಐದನೆಯ ಹಂತ: ಕಚೇರಿಯ ಪ್ರಭಾರ

ಅದೇ ಕಚೇರಿಯಲ್ಲಿ ಅದೇ ನೌಕರನ ಬಗ್ಗೆ ‘ಚಾರ್ಜ್ ಕೊಟ್ಟರು’ ಎಂದರೆ ಆರೋಪ ಹೊರಿಸಿದರೆಂದೂ ಆಗಬಹುದು, ಹುದ್ದೆಯ ಹೊಣೆ ವಹಿಸಿದರೆಂದೂ ಆಗಬಹುದು. ಶಾಲೆಯ ಮುಖ್ಯೋಪಾಧ್ಯಾಯರಾಗಲಿ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಯಾಗಲಿ ಪ್ರಭಾರ ವಹಿಸಿಕೊಳ್ಳುವಾಗ ನಗದು ಪುಸ್ತಕದ ಶಿಲ್ಕು, ದಾಸ್ತಾನು ವಹಿ, ಬೀಗದ ಕೈ, ಬಾಕಿ ಕಡತಗಳ ಪಟ್ಟಿ ಇವುಗಳನ್ನು ಒಂದೊಂದಾಗಿ ತಾಳೆ ನೋಡಿ, ಕೊಟ್ಟವರೂ ಪಡೆದವರೂ ಇಬ್ಬರೂ ಸಹಿ ಮಾಡಬೇಕು. ಪಟ್ಟಿಯಲ್ಲಿ ಇದ್ದು ಕೈಗೆ ಬಾರದ ವಸ್ತುವನ್ನು ‘ಬಂದಿಲ್ಲ’ ಎಂದು ಬರೆದ ಮೇಲೆಯೇ ಸಹಿ. ಸಾರ್ವಜನಿಕರು ತಿಳಿಯಬೇಕಾದುದು ಇಷ್ಟೇ: ಪ್ರಭಾರದಲ್ಲಿರುವವರೂ ಅರ್ಜಿಯನ್ನು ಸ್ವೀಕರಿಸಲೇಬೇಕು, ಕಾಯಂ ಅಧಿಕಾರಿ ಬರಲಿ ಎಂದು ಅದನ್ನು ಹಿಂದಿರುಗಿಸುವಂತಿಲ್ಲ; ಸ್ವೀಕೃತಿ ಕೇಳಿ ಪಡೆಯಿರಿ.

ಆರನೆಯ ಹಂತ: ಹಣದ ಚಾರ್ಜ್‌ಗಳನ್ನು ಬಿಡಿಸಿ ಓದುವುದು

ಶುಲ್ಕದ ಚಾರ್ಜ್ ಸುಲಭವೆಂದು ಕಂಡರೂ ಬಿಲ್ಲಿನಲ್ಲಿ ಅದು ಹಲವು ಸಾಲುಗಳಾಗಿ ಒಡೆದಿರುತ್ತದೆ. ಬೆಸ್ಕಾಂ ಬಿಲ್ಲಿನಲ್ಲಿ ನಿಗದಿತ ಶುಲ್ಕ ಎಂಬುದು ಮಂಜೂರಾದ ಹೊರೆಗೆ, ಅಂದರೆ ಕಿಲೋವ್ಯಾಟ್‌ಗೆ ಅನುಗುಣವಾದದ್ದು. ಮನೆಗೆ ಬೀಗ ಹಾಕಿದ್ದರೂ ಅದು ಬರುತ್ತದೆ. ಬಳಕೆಯ ಶುಲ್ಕ ಮಾತ್ರ ಯೂನಿಟ್‌ಗಳ ಲೆಕ್ಕ. ಬಳಸದ ಹೊರೆ ಮಂಜೂರಾಗಿದ್ದರೆ ಅದನ್ನು ತಗ್ಗಿಸಲು ಅರ್ಜಿ ಕೊಡುವುದರಿಂದ ನಿಗದಿತ ಶುಲ್ಕ ಇಳಿಯುತ್ತದೆ.

ಬ್ಯಾಂಕು ಖಾತೆಯಿಂದ ಕಡಿದ ಶುಲ್ಕದ ಬಗ್ಗೆ ತಕರಾರಿದ್ದರೆ ಮೊದಲು ಶಾಖೆಗೆ ಬರಹದಲ್ಲಿ ದೂರು ಕೊಡಿ; 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ಹೋಗಬಹುದು. ಹೋಟೆಲಿನ ಸರ್ವಿಸ್ ಚಾರ್ಜ್ ತೆರಿಗೆಯಲ್ಲ, ಕೊಡಲೇಬೇಕಾದದ್ದೂ ಅಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಹೊರಡಿಸಿದ ಈ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹಾಕುವವರು ಹಮಾಲಿ, ಸಾಗಣೆ, ಬಾಕ್ಸ್ ಬಾಡಿಗೆ, ಕಮಿಷನ್ ಎಲ್ಲವನ್ನೂ ‘ಚಾರ್ಜಸ್’ ಎಂಬ ಒಂದೇ ಸಾಲಿನಲ್ಲಿ ಕಡಿದ ಬಿಳಿಚೀಟಿಯನ್ನು ಒಪ್ಪದೆ, ಒಂದೊಂದಕ್ಕೂ ಒಂದೊಂದು ಸಾಲಿರುವ ಪಟ್ಟಿಯನ್ನೇ ಕೇಳುವುದು ಒಳ್ಳೆಯದು.

ಏಳನೆಯ ಹಂತ: ವಿದ್ಯುತ್ತಿನ ಚಾರ್ಜ್

ಇಲ್ಲಿ ಹೊರೆ ಕಣ್ಣಿಗೆ ಕಾಣದು. ವಿದ್ಯುದಾವೇಶದ ಏಕಮಾನ ಕೂಲಂಬ್; ಒಂದು ಆಂಪಿಯರ್ ಪ್ರವಾಹ ಎಂದರೆ ಸೆಕೆಂಡಿಗೆ ಒಂದು ಕೂಲಂಬ್. ಮೊಬೈಲ್ ಬ್ಯಾಟರಿಯ ಮೇಲಿರುವ 5000 ಎಂಎಎಚ್ (ಮಿಲಿ ಆಂಪಿಯರ್ ಗಂಟೆ) ಎಂಬ ಬರಹವನ್ನು ಇದಕ್ಕೆ ಪರಿವರ್ತಿಸಿದರೆ 18,000 ಕೂಲಂಬ್ ಆಗುತ್ತದೆ. ಆದರೆ ‘ಬ್ಯಾಟರಿ ಚಾರ್ಜ್ ಆಯಿತು’ ಎಂದಾಗ ಬ್ಯಾಟರಿಯೊಳಗೆ ಆವೇಶ ತುಂಬಿಕೊಂಡಿರುವುದಿಲ್ಲ. ಒಂದು ತುದಿಯಿಂದ ಒಳಬಂದಷ್ಟೇ ಇನ್ನೊಂದು ತುದಿಯಿಂದ ಹೊರಹೋಗಿರುತ್ತದೆ, ಒಳಗೆ ಸಂಗ್ರಹವಾಗುವುದು ರಾಸಾಯನಿಕ ಶಕ್ತಿ. ಆದ್ದರಿಂದಲೇ ವಿದ್ಯುತ್ ಸ್ಕೂಟರ್ ಕೊಳ್ಳುವವರು ಕಿಲೋವ್ಯಾಟ್‌ಗಂಟೆಯನ್ನು ನೋಡಬೇಕು. 3 ಕಿಲೋವ್ಯಾಟ್‌ಗಂಟೆಯ ಬ್ಯಾಟರಿಯನ್ನು 750 ವ್ಯಾಟ್‌ನ ಚಾರ್ಜರ್‌ನಿಂದ ತುಂಬಿಸಲು ನಾಲ್ಕು ಗಂಟೆ, ನಷ್ಟಗಳನ್ನೂ ಸೇರಿಸಿದರೆ ಇನ್ನಷ್ಟು ಹೊತ್ತು ಬೇಕು. ಮನೆಯ ಯುಪಿಎಸ್‌ನ 12 ವೋಲ್ಟ್ ಸೀಸ-ಆಮ್ಲ ಬ್ಯಾಟರಿ ತುಂಬಿ, ಕೆಲವು ಗಂಟೆ ಸುಮ್ಮನಿದ್ದಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಚಾರ್ಜ್ ಆಗುವಾಗ ಅದು ಜಲಜನಕ ಬಿಡುವುದರಿಂದ ಗಾಳಿಯಾಡುವ ಜಾಗದಲ್ಲಿಟ್ಟು, ಬಟ್ಟಿ ಇಳಿಸಿದ ನೀರನ್ನೇ ಹಾಕಬೇಕು. ನಮ್ಮ ಕೊಳವೆಬಾವಿಯ ಗಡಸು ನೀರು ಅದಕ್ಕೆ ವಿಷ.

ಈ ಅರ್ಥದ ಚಾರ್ಜ್‌ಗೆ ಕೋಲಾರದ ನೆಲದಲ್ಲಿ ಹಳೆಯ ನಂಟಿದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಸುಮಾರು 150 ಕಿ.ಮೀ. ದೂರ ಹರಿದು ಮೊದಲು ತಲುಪಿದ್ದು ಕೋಲಾರದ ಚಿನ್ನದ ಗಣಿಗಳನ್ನು. ಅದೇ ಗಣಿಗಳಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣಗಳ ಸುಳಿವನ್ನು ವಿಜ್ಞಾನಿಗಳು ಹಿಡಿದರು. ನ್ಯೂಟ್ರಿನೊಗೆ ಆವೇಶವೇ ಇಲ್ಲ. ಪದಾರ್ಥದೊಂದಿಗೆ ಅದು ತೀರ ಅಪರೂಪಕ್ಕೆ ಮಾತ್ರ ವ್ಯವಹರಿಸುವುದರಿಂದ ಅಷ್ಟು ಬಂಡೆಯನ್ನೂ ದಾಟಿ ಬರುತ್ತದೆ. ಬಂಡೆಯಲ್ಲಿ ಅದು ಹುಟ್ಟಿಸಿದ ಆವೇಶವುಳ್ಳ ಮ್ಯುವಾನ್ ಕಣ ಉಪಕರಣದಲ್ಲಿ ಗುರುತು ಬಿಟ್ಟಿತು.

ಫ್ರಿಜ್ಜಿಗೆ ‘ಗ್ಯಾಸ್ ಚಾರ್ಜ್’ ಮಾಡಬೇಕೆಂದು ಯಾರಾದರೂ ಹೇಳಿದರೆ, ಅದು ಶೀತಕ ಅನಿಲ ತುಂಬುವ ಮಾತು. ಮುಚ್ಚಿದ ಕೊಳವೆಯೊಳಗಿನ ಆ ಅನಿಲ ಬಳಕೆಯಿಂದ ಸವೆಯುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಸೋರಿಕೆ ಮುಚ್ಚದೆ ತುಂಬಿಸಿದರೆ ಹಣ ಗಾಳಿಗೆ ಹೋದಂತೆ.

ಎಂಟನೆಯ ಹಂತ: ನೆಲದ ರೀಚಾರ್ಜ್

ಸದಾ ಹರಿಯುವ ನದಿಯಿಲ್ಲದ ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಈ ಅರ್ಥವೇ ಎಲ್ಲಕ್ಕಿಂತ ಭಾರವಾದದ್ದು. ಬೆಂಗಳೂರಿನ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಸಂಸ್ಕರಿಸಿ ಕೋಲಾರ ಸೀಮೆಯ 126 ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಅದರ ಘೋಷಿತ ಉದ್ದೇಶ ಅಂತರ್ಜಲ ಮರುಪೂರಣವೇ ಹೊರತು ಕುಡಿಯಲು ಅಥವಾ ನೇರವಾಗಿ ಗದ್ದೆಗೆ ಹಾಯಿಸಲು ಆ ನೀರು ಇಲ್ಲ. ಮೂರನೆಯ ಹಂತದ ಸಂಸ್ಕರಣೆ ಬೇಕೆಂಬ ಇಲ್ಲಿನವರ ಬೇಡಿಕೆ ನ್ಯಾಯವಾದದ್ದೆಂದೇ ನಾನು ತಿಳಿದಿದ್ದೇನೆ. ಕೆರೆಯ ಪಕ್ಕದ ಬಾವಿಯಲ್ಲಿ ನೀರು ಏರಿದ ಮಾತ್ರಕ್ಕೆ ಅದು ಕುಡಿಯಲು ಯೋಗ್ಯವೆಂದಾಗುವುದಿಲ್ಲ. ಪರೀಕ್ಷೆ ಮಾಡಿಸಿದ ಮೇಲೆಯೇ ಬಳಸಬೇಕು.

ಸ್ವಂತ ಕೊಳವೆಬಾವಿಗೆ ಮರುಪೂರಣ ಮಾಡುವವರು ಮಳೆನೀರನ್ನೇ ನಂಬುವುದು ಸರಿ. ನೂರು ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ 700 ಮಿ.ಮೀ. ಮಳೆ ಬಿದ್ದರೆ ಅದು 70,000 ಲೀಟರ್. ಐದರಲ್ಲಿ ಒಂದು ಪಾಲು ಹಾಳಾಯಿತೆಂದರೂ 56,000 ಲೀಟರ್ ಉಳಿಯುತ್ತದೆ. ಕೇಸಿಂಗ್ ಸುತ್ತ ಗುಂಡಿ ತೆಗೆದು, ಕೇಸಿಂಗ್‌ಗೆ ಸಣ್ಣ ರಂಧ್ರ ಕೊರೆದು ಜಾಲರಿ ಸುತ್ತಿ, ಕೆಳಗಿನಿಂದ ದಪ್ಪ ಕಲ್ಲು, ಜೆಲ್ಲಿ, ಮರಳು ಎಂಬ ಕ್ರಮದಲ್ಲಿ ತುಂಬಬೇಕು. ಮೋರಿಯ ನೀರನ್ನಾಗಲಿ, ಗೊಬ್ಬರ ಔಷಧಿ ಬೆರೆತ ಹೊಲದ ನೀರನ್ನಾಗಲಿ ಇದಕ್ಕೆ ಬಿಡಬಾರದು. ಒಮ್ಮೆ ಬಂಡೆಯ ಬಿರುಕು ಸೇರಿದ ಕೊಳೆಯನ್ನು ಹೊರತೆಗೆಯುವ ದಾರಿಯಿಲ್ಲ.

ಬಾವಿಯ ಡಿಸ್ಚಾರ್ಜ್ ಅನ್ನು ನಮ್ಮಲ್ಲಿ ಇಂಚಿನಲ್ಲಿ ಹೇಳುತ್ತಾರೆ. ಇದು ಪೈಪಿನ ಅಗಲವಲ್ಲ, ಅಳತೆಗಾಗಿ ತಗಡಿನಲ್ಲಿ ಕತ್ತರಿಸಿದ ವಿ ಆಕಾರದ ಕಚ್ಚಿನ ಮೇಲೆ ಹರಿಯುವ ನೀರಿನ ಎತ್ತರ. 90 ಡಿಗ್ರಿಯ ಕಚ್ಚಿನಲ್ಲಿ ಎರಡು ಇಂಚು ಎಂದರೆ ಗಂಟೆಗೆ ಸುಮಾರು 2,900 ಲೀಟರ್, ನಾಲ್ಕು ಇಂಚು ಎಂದರೆ ಸುಮಾರು 16,000 ಲೀಟರ್. ಇಂಚು ಎರಡು ಪಟ್ಟಾದರೆ ನೀರು ಐದು ಪಟ್ಟಿಗೂ ಹೆಚ್ಚಾಗುತ್ತದೆಂಬುದನ್ನು ತಿಳಿಯದೆ ಪಂಪು ಆರಿಸಬಾರದು.

ಒಂಬತ್ತನೆಯ ಹಂತ: ಕಂಡರೆ ದೂರ ಸರಿಯಬೇಕಾದದ್ದು

ಕಲ್ಲುಗಣಿಯಲ್ಲಿ ಚಾರ್ಜ್ ಎಂದರೆ ಕುಳಿಗೆ ತುಂಬಿದ ಸಿಡಿಮದ್ದು. 2021ರ ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸಿಡಿದು ಆರು ಮಂದಿ ಸತ್ತರು. ಸಿಡಿಯದೆ ಉಳಿದ ಕುಳಿಯನ್ನಾಗಲಿ ಬಿದ್ದಿರುವ ತಂತಿಯನ್ನಾಗಲಿ ಮುಟ್ಟದೆ, ದೂರ ಹೋಗಿ 112ಕ್ಕೆ ಕರೆ ಮಾಡುವುದಷ್ಟೇ ಸಾರ್ವಜನಿಕರ ಕೆಲಸ. ಲಾಠಿ ಚಾರ್ಜ್ ಎಂಬುದು ಮಾತ್ರ ಮೇಲೆ ಹೇಳಿದ ಹೊರೆಯ ಲೆಕ್ಕಕ್ಕೆ ಸಿಗುವುದಿಲ್ಲ. ಅದು ಮೇಲೆ ನುಗ್ಗುವ ಸೈನಿಕ ಅರ್ಥದಿಂದ ಬಂದದ್ದು, ಅದಕ್ಕೆ ಡಿಸ್ಚಾರ್ಜ್ ಇಲ್ಲ.

ಕೊನೆಯ ಹಂತ: ಅರ್ಜಿ ಬರೆಯುವಾಗ

ಅರ್ಥ ಗೊತ್ತಾದ ಮೇಲೆ ನಮ್ಮ ಬರಹದಲ್ಲಿ ಆ ಪದವನ್ನು ಬಿಟ್ಟು ನಿರ್ದಿಷ್ಟ ಪದವನ್ನೇ ಬಳಸಬೇಕು. ತಹಶೀಲ್ದಾರರಿಗೆ ‘ನಮ್ಮ ಜಮೀನಿನ ಚಾರ್ಜ್ ತೆಗೆಯಿರಿ’ ಎಂದು ಬರೆದ ಅರ್ಜಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಅಲೆಯುತ್ತದೆ. ಅದರ ಬದಲು ಗ್ರಾಮ, ಸರ್ವೆ ನಂಬರ್, ಹಿಸ್ಸಾ, ಪಹಣಿಯ 11ನೇ ಕಾಲಂನಲ್ಲಿರುವ ಬ್ಯಾಂಕಿನ ಹೆಸರು, ಸಾಲದ ಖಾತೆ ಸಂಖ್ಯೆ, ತೀರಿಸಿದ ದಿನಾಂಕ ಇಷ್ಟನ್ನೂ ಬರೆದು, ‘ಈ ಋಣದ ನಮೂದನ್ನು ತೆಗೆದುಹಾಕಬೇಕು’ ಎಂದು ಕೋರಿ, ಬಾಕಿಯಿಲ್ಲವೆಂಬ ಪತ್ರದ ಪ್ರತಿಯನ್ನು ಲಗತ್ತಿಸಿ, ಅರ್ಜಿಯ ಎರಡನೆಯ ಪ್ರತಿಯ ಮೇಲೆ ದಿನಾಂಕದ ಮೊಹರು ಹಾಕಿಸಿಕೊಳ್ಳಿ.